ಹೊಲ ಬಿಟ್ಟ ಮಣ್ಣು, ಕೆರೆ ಸೇರಿದ ಹೂಳು

ತುಂಗಭದ್ರಾ ಜಲಾಶಯದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಕೇಳಿದರೆ, ಯಾವ ವರ್ಷದ ಸಮೀಕ್ಷೆಯನ್ನು ಕೈಗೆತ್ತಿಕೊಂಡಿದ್ದೀರಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. 1953ರಲ್ಲಿ ನೀರು ನಿಲ್ಲತೊಡಗಿದಾಗ ಲೆಕ್ಕದಲ್ಲಿದ್ದದ್ದು ಸುಮಾರು 133 ಟಿಎಂಸಿ ಅಡಿ. 2008ರ ಸಮೀಕ್ಷೆ ಅದನ್ನು 100.86ಕ್ಕೆ ಇಳಿಸಿತು. 2016ರ ಸಮೀಕ್ಷೆ 105.79 ಎಂದಿತು. ನಡುವಿನ ಎಂಟು ವರ್ಷಗಳಲ್ಲಿ ಜಲಾಶಯದೊಳಗಿಂದ ಐದು ಟಿಎಂಸಿಯಷ್ಟು ಹೂಳನ್ನು ಯಾರೂ ಹೊತ್ತು ಹೊರಗೆ ಹಾಕಿರಲಿಲ್ಲ. ನದಿಯೂ ಅದನ್ನು ವಾಪಸು ಕೊಂಡೊಯ್ದಿರಲಿಲ್ಲ. ಬದಲಾದದ್ದು ಅಳೆಯುವ ಕ್ರಮ. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಹನಿಹನಿಗೂ ಲೆಕ್ಕ ಕೇಳುವ ಜಲಾಶಯದಲ್ಲಿ, ದೋಣಿ ಇಳಿಸಿ, ಉಪಕರಣ ಹಿಡಿದು, ತಳವನ್ನೇ ನೇರವಾಗಿ ಅಳೆದಾಗಲೂ ಐದು ಟಿಎಂಸಿ ಆಚೀಚೆ ಆಗುತ್ತದೆ. ಹಾಗಿರುವಾಗ, ಯಾರೂ ಅಳೆಯದ ಹೊಲದಿಂದ ವರ್ಷಕ್ಕೆ ಹೆಕ್ಟೇರಿಗೆ ಹದಿನಾಲ್ಕು ಟನ್ ಮಣ್ಣು ಹೋಗುತ್ತಿದೆ, ಜಲಾನಯನ ಯೋಜನೆ ಮುಗಿದ ಮೇಲೆ ಅದು ಎಂಟಕ್ಕೆ ಇಳಿಯುತ್ತದೆ ಎಂಬ ಧಾಟಿಯ ವರದಿಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಜಲಾಶಯದ ಅಂಕಿಯಿಂದಲೇ ಹಿಂದಕ್ಕೆ ಲೆಕ್ಕ ಹಾಕಿ ನೋಡೋಣ. ತುಂಗಭದ್ರೆಯ ಜಲಾನಯನ ಸುಮಾರು 28,180 ಚದರ ಕಿಲೋಮೀಟರ್, ಅಂದರೆ 28 ಲಕ್ಷ ಹೆಕ್ಟೇರಿಗೆ ತುಸು ಹೆಚ್ಚು. 2016ರ ಸಮೀಕ್ಷೆಯ ಪ್ರಕಾರ 63 ವರ್ಷಗಳಲ್ಲಿ ತುಂಬಿದ ಹೂಳು 27 ಟಿಎಂಸಿ ಚಿಲ್ಲರೆ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಭಾಗಿಸಿದರೆ ಹೆಕ್ಟೇರಿಗೆ ವರ್ಷಕ್ಕೆ 4.3 ಘನ ಮೀಟರ್ ಬರುತ್ತದೆ. ತೂಕದಲ್ಲಿ ಹೆಚ್ಚುಕಡಿಮೆ ಐದು ಟನ್. 2008ರ ಅಂಕಿ ಹಿಡಿದು ಇದೇ ಲೆಕ್ಕ ಮಾಡಿದರೆ ಸುಮಾರು ಏಳು ಟನ್. ಈ ಸರಾಸರಿಯೊಳಗೆ ಮಲೆನಾಡಿನ ಕಾಡೂ ಸೇರಿದೆ, ದಾವಣಗೆರೆ ಹಾವೇರಿಯ ಹೊಲಗಳೂ ಸೇರಿವೆ, ಗಣಿಯ ಮಣ್ಣೂ ಸೇರಿದೆ. ಭದ್ರಾ ಜಲಾಶಯ ಮೇಲೆಯೇ ಹಿಡಿದಿಟ್ಟುಕೊಂಡದ್ದು ಇದರಲ್ಲಿಲ್ಲ, ತೂಬು ಗೇಟುಗಳಿಂದ ಹೊರಬಿದ್ದ ಸಣ್ಣ ಕಣಗಳೂ ಇಲ್ಲ. ಅಷ್ಟಾದರೂ ಇದು ಒಂದು ಗಟ್ಟಿ ಅಂಕಿ. ಏಕೆಂದರೆ ಇದರ ಬುಡದಲ್ಲಿ ಕಣ್ಣಿಗೆ ಕಾಣುವ, ಕೋಲು ಊರಬಹುದಾದ ಹೂಳಿದೆ.

ಇದರ ಪಕ್ಕದಲ್ಲಿ ದೇಶದ ಅಂಕಿಯನ್ನು ಇಟ್ಟು ನೋಡಬೇಕು. ಡೆಹ್ರಾಡೂನಿನ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಸಂಸ್ಥೆಯ ಧ್ರುವ ನಾರಾಯಣ ಮತ್ತು ರಾಮ್ ಬಾಬು 1983ರಲ್ಲಿ ಆಗ ಲಭ್ಯವಿದ್ದ ಅಳತೆಗಳನ್ನೆಲ್ಲ ಜೋಡಿಸಿ, ಭಾರತದಲ್ಲಿ ವರ್ಷಕ್ಕೆ 533.4 ಕೋಟಿ ಟನ್ ಮಣ್ಣು ಸ್ಥಾನ ಬಿಡುತ್ತದೆ, ಹೆಕ್ಟೇರಿಗೆ ಸರಾಸರಿ 16.35 ಟನ್ ಎಂದು ಅಂದಾಜಿಸಿದರು. ಭಾಷಣಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಯೋಜನಾ ವರದಿಗಳ ಮೊದಲ ಪುಟದಲ್ಲಿ ನಾಲ್ಕು ದಶಕಗಳಿಂದ ಓಡಾಡುತ್ತಿರುವುದು ಇದೇ ಅಂಕಿ. ಆದರೆ ಅದೇ ಲೇಖನದ ಇನ್ನೊಂದು ಭಾಗವನ್ನು ಉಲ್ಲೇಖಿಸುವವರು ಕಡಿಮೆ. ಹೀಗೆ ಕದಲಿದ ಮಣ್ಣಿನಲ್ಲಿ ಶೇ 29ರಷ್ಟು ಸಮುದ್ರ ಸೇರುತ್ತದೆ, ಶೇ 10ರಷ್ಟು ಜಲಾಶಯಗಳಲ್ಲಿ ಕೂರುತ್ತದೆ, ಉಳಿದ ಶೇ 61 ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ನಿಲ್ಲುತ್ತದೆ ಎಂದು ಅವರೇ ಹೇಳಿದ್ದರು. ಅಂದರೆ ಹೊಲದಿಂದ ಹೊರಟ ಮಣ್ಣಿಗೂ ಎಲ್ಲೋ ತಲುಪಿದ ಹೂಳಿಗೂ ನಡುವೆ ಬಹಳ ದೊಡ್ಡ ಅಂತರವಿದೆ ಎಂಬುದು ಈ ಅಂದಾಜಿನ ಒಳಗೇ ಇತ್ತು. ನಾವು ಮೊದಲ ಸಾಲನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟೆವು. ಮಣ್ಣಿನ ಸವಕಳಿ ಕುರಿತ ನಮ್ಮ ಗೊಂದಲದ ಬಹುಪಾಲು ಇಲ್ಲಿಂದ ಹುಟ್ಟಿದೆ. ಕಂಪ್ಯೂಟರಿನಲ್ಲಿ ಸೂತ್ರ ಹಾಕಿ ತೆಗೆಯುವುದು ಹೊರಟ ಮಣ್ಣಿನ ಅಂದಾಜು. ಅದನ್ನು ತೋರಿಸಿ ಕೊಡುವ ಭರವಸೆ ಮಾತ್ರ ತಲುಪುವ ಹೂಳಿನದು. ಇವೆರಡೂ ಬೇರೆ ಬೇರೆ ಖಾತೆಗಳು. ಎರಡನೆಯ ಖಾತೆಯನ್ನು ಅಳೆಯದೆ ತುಂಬಲಾಗದು, ಅಳೆಯಲು ಬೇಕಾದ ಜಾಗ ನಮ್ಮ ಊರೂರಿನಲ್ಲೂ ಇದೆ ಎಂಬುದೇ ನನ್ನ ವಾದ.

ಮೊದಲು ಆ ಸೂತ್ರದ ಹುಟ್ಟನ್ನು ನೋಡಬೇಕು. ಅಮೆರಿಕದಲ್ಲಿ 1930ರ ಆಸುಪಾಸಿನಲ್ಲಿ ಹಲವು ಕಡೆ ಸಂಶೋಧನಾ ಕೇಂದ್ರಗಳು ಎದ್ದವು. ಅಲ್ಲಿ ಆರು ಅಡಿ ಅಗಲ, 72.6 ಅಡಿ ಉದ್ದದ ಪಟ್ಟಿಗಳನ್ನು ಅಂಚು ಕಟ್ಟಿ ಬೇರ್ಪಡಿಸಿ, ತಗ್ಗಿನ ತುದಿಯಲ್ಲಿ ತೊಟ್ಟಿ ಇಟ್ಟರು. ಮಳೆ ಬಂದಾಗ ಆ ಪಟ್ಟಿಯಿಂದ ಕೊಚ್ಚಿಬಂದ ನೀರು ಮತ್ತು ಮಣ್ಣು ತೊಟ್ಟಿಗೆ ಬೀಳುತ್ತದೆ, ಒಣಗಿಸಿ ತೂಗುತ್ತಾರೆ. 72.6 ಅಡಿ ಎಂಬ ವಿಚಿತ್ರ ಉದ್ದಕ್ಕೆ ಕಾರಣ ಸರಳ: ಆಗ ಪಟ್ಟಿ ಸರಿಯಾಗಿ ಎಕರೆಯ ನೂರನೇ ಒಂದು ಭಾಗವಾಗುತ್ತದೆ, ಗುಣಿಸುವುದು ಸುಲಭ. ನಮ್ಮ ಲೆಕ್ಕದಲ್ಲಿ ಅರ್ಧ ಗುಂಟೆಯೂ ಆಗದ ಜಾಗ. ಇಂಥ ಪಟ್ಟಿಗಳಿಂದ ವರ್ಷಗಟ್ಟಲೆ ಬಂದ ಅಂಕಿಗಳನ್ನು 1954ರಿಂದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಒಟ್ಟುಗೂಡಿಸಿ, ವಾಲ್ಟರ್ ವಿಶ್ಮಯರ್ ಮತ್ತು ಡ್ವೈಟ್ ಸ್ಮಿತ್ 1965ರಲ್ಲಿ ಕೈಪಿಡಿಯಾಗಿ ಹೊರತಂದರು. 1978ರಲ್ಲಿ ಅದನ್ನು ತಿದ್ದಿ ಮತ್ತೆ ಪ್ರಕಟಿಸಿದರು. ಸಾರ್ವತ್ರಿಕ ಮಣ್ಣು ನಷ್ಟ ಸಮೀಕರಣ ಎಂದು ಹೆಸರಾದದ್ದು ಇದೇ. ಮಳೆಯ ಕೊರೆಯುವ ಶಕ್ತಿ, ಮಣ್ಣು ಎಷ್ಟು ಸುಲಭವಾಗಿ ಬಿಡಿಬಿಡಿಯಾಗುತ್ತದೆ, ಇಳಿಜಾರಿನ ಉದ್ದ ಮತ್ತು ಕಡಿದು, ಮೇಲಿನ ಬೆಳೆಯ ಹೊದಿಕೆ, ಒಡ್ಡು ಅಡ್ಡಬಿತ್ತನೆಯಂಥ ಸಂರಕ್ಷಣಾ ಕ್ರಮ: ಇವುಗಳಿಗೆ ಒಂದೊಂದು ಸಂಖ್ಯೆ ಕೊಟ್ಟು ಎಲ್ಲವನ್ನೂ ಗುಣಿಸಿದರೆ ವರ್ಷದ ಸರಾಸರಿ ನಷ್ಟ ಸಿಗುತ್ತದೆ. ಸಾವಿರಾರು ಅಳತೆಗಳ ಸಾರವನ್ನು ಒಂದು ಗುಣಾಕಾರಕ್ಕೆ ಇಳಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಅರ್ಧ ಗುಂಟೆಯ, ಶೇ 9 ಇಳಿಜಾರಿನ, ಏನೂ ಬೆಳೆಯದೆ ಉತ್ತುಬಿಟ್ಟ ಪಟ್ಟಿಯೇ ಅದರ ಮೂಲ ಅಳತೆಗೋಲು. ಅಷ್ಟು ಚಿಕ್ಕ, ಅಷ್ಟು ಇಳಿಜಾರಿನ ಜಾಗದಲ್ಲಿ ಕದಲಿದ ಮಣ್ಣು ಕೂರಲು ಸ್ಥಳವೇ ಇಲ್ಲ. ಹಾಗಾಗಿ ಕೂರುವ ಮಣ್ಣಿನ ಬಗ್ಗೆ ಸೂತ್ರ ಏನನ್ನೂ ಹೇಳುವುದಿಲ್ಲ. ಕೊರಕಲು ಬಿದ್ದು ಹೋದ ಮಣ್ಣು, ಹಳ್ಳದ ದಡ ಕುಸಿದು ಬಂದ ಮಣ್ಣು ಇವೂ ಅದರ ವ್ಯಾಪ್ತಿಯ ಹೊರಗಿನವು.

ಮಳೆಯ ವಿಷಯಕ್ಕೆ ಬಂದರೆ ಇನ್ನೂ ಗಂಭೀರವಾದ ಸಡಿಲಿಕೆ ಕಾಣುತ್ತದೆ. ಮೂಲ ಸೂತ್ರದಲ್ಲಿ ಮಳೆಯ ಶಕ್ತಿ ಎಂದರೆ ಪ್ರತಿ ಮಳೆಯ ಹನಿಗಳ ಒಟ್ಟು ಚೈತನ್ಯವನ್ನು ಆ ಮಳೆಯ ಅತಿ ಬಿರುಸಾದ ಅರ್ಧ ಗಂಟೆಯ ತೀವ್ರತೆಯಿಂದ ಗುಣಿಸಿದ್ದು. ಅದಕ್ಕೆ ನಿಮಿಷ ನಿಮಿಷದ ಮಳೆಯನ್ನು ಬರೆದಿಡುವ ಯಂತ್ರ ಬೇಕು. ಅದು ಎಲ್ಲ ಕಡೆ ಇಲ್ಲದ ಕಾರಣ ನಮ್ಮಲ್ಲಿ ಬಳಕೆಗೆ ಬಂದದ್ದು ಒಂದು ಅಡ್ಡದಾರಿ: ವರ್ಷದ ಒಟ್ಟು ಮಳೆಯನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು 0.363ರಿಂದ ಗುಣಿಸಿ 79 ಕೂಡಿಸುವುದು. 550 ಮಿ.ಮೀ. ಮಳೆಯಾದರೆ ಉತ್ತರ ಸುಮಾರು 279. ಆ 550 ಮಿ.ಮೀ. ಮೂರು ತಿಂಗಳು ಸೋನೆಯಾಗಿ ಸುರಿದಿದ್ದರೂ 279, ನಾಲ್ಕು ಸಂಜೆಗಳಲ್ಲಿ ಗುಡುಗುತ್ತ ಅರ್ಧಕ್ಕರ್ಧ ಹೊಯ್ದಿದ್ದರೂ 279. ರೈತನಿಗೆ ಮಾತ್ರ ಈ ಎರಡು ವರ್ಷಗಳು ಒಂದೇ ಅಲ್ಲ. ಬಯಲುಸೀಮೆಯಲ್ಲಿ ವರ್ಷದ ಸವಕಳಿಯ ಬಹುಭಾಗ ನಡೆಯುವುದು ಬೆರಳೆಣಿಕೆಯ ಮಳೆಗಳಲ್ಲಿ. ಒಂದು ವರ್ಷ ಹೊಲ ಬಿಟ್ಟು ನೀರೇ ಹರಿಯದಿರಬಹುದು, ಮುಂದಿನ ವರ್ಷ ಒಂದೇ ರಾತ್ರಿ ಐದು ವರ್ಷದ ಮಣ್ಣು ಹೋಗಬಹುದು. ದೀರ್ಘಕಾಲದ ಸರಾಸರಿಗಾಗಿ, ಒಂದು ಪ್ರದೇಶವನ್ನು ಇನ್ನೊಂದರೊಂದಿಗೆ ಹೋಲಿಸುವುದಕ್ಕಾಗಿ ಮಾಡಿದ ಅಡ್ಡದಾರಿಯನ್ನು ಯೋಜನೆಯ ಮೊದಲನೇ ವರ್ಷ, ಐದನೇ ವರ್ಷ ಎಂದು ವರ್ಷವಾರು ಲೆಕ್ಕಕ್ಕೆ ಬಳಸಿದಾಗ ಆಗುವ ಎಡವಟ್ಟು ಇದು.

ಎರೆ ಭೂಮಿಯಲ್ಲಿ ಈ ತೊಂದರೆ ದುಪ್ಪಟ್ಟಾಗುತ್ತದೆ. ವಿಜಯಪುರ, ಬಳ್ಳಾರಿ, ಗದಗ ಕಡೆಯ ಆಳವಾದ ಕಪ್ಪು ಮಣ್ಣು ಬೇಸಿಗೆಯಲ್ಲಿ ಮೊಳಕೈ ಇಳಿಯುವಷ್ಟು ಬಾಯಿ ಬಿಟ್ಟಿರುತ್ತದೆ. ಮುಂಗಾರಿನ ಮೊದಲ ಮಳೆಗಳು ಎಷ್ಟೇ ಬಿರುಸಾಗಿದ್ದರೂ ಆ ಬಿರುಕುಗಳು ಕುಡಿದುಬಿಡುತ್ತವೆ. ನೀರು ಹೊಲದ ಅಂಚು ದಾಟುವುದೇ ಅಪರೂಪ. ಉತ್ತರೆ, ಹಸ್ತದ ಹೊತ್ತಿಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿರುತ್ತದೆ. ಆಗ ಅದೇ ಹೊಲ ಹೆಚ್ಚುಕಡಿಮೆ ಒಂದು ಹನಿಯನ್ನೂ ಇಂಗಿಸುವುದಿಲ್ಲ. ಹಿಂಗಾರಿ ಜೋಳ, ಕಡಲೆಗೆಂದು ಮುಂಗಾರಿನುದ್ದಕ್ಕೂ ಬಿತ್ತದೆ ಹರಗಿಟ್ಟ ಹೊಲ ಆ ಸಮಯದಲ್ಲಿ ಬೆತ್ತಲೆ. ಹೊದಿಕೆ ಇಲ್ಲ, ಬೇರು ಇಲ್ಲ, ಇಂಗುವಿಕೆ ಇಲ್ಲ, ಮೇಲೆ ವರ್ಷದ ಅತಿ ದೊಡ್ಡ ಮಳೆಗಳು. ಇಳಿಜಾರು ನೂರಕ್ಕೆ ಒಂದೋ ಎರಡೋ ಇದ್ದರೂ ಕೆಸರು ನೀರು ಹೊಲದುದ್ದ ಹರಿಯುತ್ತದೆ. ಸೂತ್ರದಲ್ಲಿ ಮಣ್ಣಿನ ಗುಣಕ್ಕೆ ವರ್ಷಪೂರ್ತಿ ಒಂದೇ ಸಂಖ್ಯೆ, ಬೆಳೆಗೆ ವರ್ಷದ ಒಂದೇ ಸರಾಸರಿ. ಜೂನಿನ ಹೊಲವೂ ಅಕ್ಟೋಬರಿನ ಹೊಲವೂ ಅದಕ್ಕೆ ಒಂದೇ. ಹೈದರಾಬಾದ್ ಬಳಿಯ ಪಟಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಿಂದ ಇಂಥ ಕಪ್ಪು ಮಣ್ಣಿನ ಕಿರು ಜಲಾನಯನಗಳನ್ನು ನೇರವಾಗಿ ಅಳೆಯುತ್ತ ಬಂದಿದ್ದಾರೆ. ಮುಂಗಾರಿನಲ್ಲಿ ಬೀಳು ಬಿಡುವ ಹಳೆಯ ಪದ್ಧತಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ ಆರು ಟನ್ನಿಗೂ ಹೆಚ್ಚು ಮಣ್ಣು ಹೋದರೆ, ಅಗಲ ಏರುಮಡಿ ಮತ್ತು ಸಾಲು ಮಾಡಿ ಮುಂಗಾರಿನಲ್ಲೂ ಬೆಳೆ ತೆಗೆಯುವ ಪದ್ಧತಿಯಲ್ಲಿ ಅದು ಒಂದೂವರೆ ಟನ್ನಿನ ಆಸುಪಾಸಿಗೆ ಇಳಿದಿದೆ. ವ್ಯತ್ಯಾಸ ತಂದದ್ದು ಮುಖ್ಯವಾಗಿ ಮಳೆಯ ಹೊತ್ತಿನಲ್ಲಿ ನೆಲದ ಮೇಲೆ ಹಸಿರು ಇತ್ತೇ, ನೀರಿಗೆ ನಿಧಾನವಾಗಿ ಹರಿಯುವ ದಾರಿ ಇತ್ತೇ ಎಂಬುದು. ಅದು ಕೋಷ್ಟಕ ನೋಡಿ ಗೊತ್ತಾದದ್ದಲ್ಲ, ಅಳೆದು ಗೊತ್ತಾದದ್ದು.

ಈಚೆಗೆ ಸೂತ್ರದ ಕೆಲಸವನ್ನು ಉಪಗ್ರಹ ನಕ್ಷೆಗಳು ಮಾಡಿಕೊಡುತ್ತವೆ. ಜಲಾನಯನವನ್ನು 30 ಮೀಟರ್ ಚೌಕಗಳಾಗಿ ತುಂಡರಿಸಿ, ಒಂದೊಂದು ಚೌಕಕ್ಕೂ ಇಳಿಜಾರು, ಮಣ್ಣು, ಹಸಿರಿನ ಸಂಖ್ಯೆ ಕೊಟ್ಟು, ಗುಣಿಸಿ, ಕೆಂಪು ಹಳದಿ ಹಸಿರು ಬಣ್ಣ ಬಳಿಯುತ್ತಾರೆ. ನೋಡಲು ಬಹಳ ನಿಖರ ಅನ್ನಿಸುತ್ತದೆ. ಆದರೆ 30 ಮೀಟರ್ ಚೌಕ ಎಂದರೆ ಹತ್ತಿರ ಹತ್ತಿರ ಒಂಬತ್ತು ಗುಂಟೆ. ಅದರೊಳಗೆ ಎರಡು ಹಿಡುವಳಿಯ ಅಂಚು, ಒಂದು ಒಡ್ಡು, ಒಂದು ಬಂಡಿದಾರಿ, ಒಂದೆರಡು ಬೇವಿನ ಮರ ಎಲ್ಲ ಇರಬಹುದು. ಮೊಣಕಾಲೆತ್ತರದ ಒಡ್ಡು ಆ ನಕ್ಷೆಗೆ ಕಾಣುವುದೇ ಇಲ್ಲ. ಆದ್ದರಿಂದ ಸಂರಕ್ಷಣಾ ಕ್ರಮದ ಕಾಲಮ್ಮಿನಲ್ಲಿ ಅನೇಕ ಅಧ್ಯಯನಗಳು ಸುಮ್ಮನೆ ‘1’ ಎಂದು ಬರೆದು ಮುಂದೆ ಹೋಗುತ್ತವೆ. ಯೋಜನೆಯ ನಂತರದ ಲೆಕ್ಕದಲ್ಲಿ ಕೋಷ್ಟಕದಿಂದ ಎತ್ತಿದ 0.6 ಎಂಬಂಥ ಸಂಖ್ಯೆಯನ್ನು ಅಲ್ಲಿ ಕೂರಿಸುತ್ತಾರೆ. ಉತ್ತರ ಶೇ 40ರಷ್ಟು ಇಳಿಯುತ್ತದೆ. ಇಳಿಯದೆ ಇನ್ನೇನು? ಸವಕಳಿ ಶೇ 40 ಕಡಿಮೆಯಾಗುತ್ತದೆ ಎಂದು ಮೊದಲೇ ಬರೆದುಕೊಟ್ಟು, ಶೇ 40 ಕಡಿಮೆಯಾಯಿತು ಎಂದು ಕೊನೆಗೆ ಓದಿದಂತಾಯಿತು. ಒಡ್ಡು ಒಡೆದಿದೆಯೋ ನಿಂತಿದೆಯೋ, ಕೋಡಿಯ ಕಲ್ಲು ಜಾರಿದೆಯೋ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಇದಕ್ಕೆ ಸೂತ್ರ ಬರೆದವರನ್ನು ದೂರುವಂತಿಲ್ಲ. ವಿಶ್ಮಯರ್ ಸ್ವತಃ 1976ರಲ್ಲಿ ಈ ಸಮೀಕರಣದ ಸದ್ಬಳಕೆ ಮತ್ತು ದುರ್ಬಳಕೆಯ ಬಗ್ಗೆಯೇ ಪ್ರತ್ಯೇಕ ಲೇಖನ ಬರೆದರು. ಒಂದು ನಿರ್ದಿಷ್ಟ ಮಳೆಗೆ, ಒಂದು ನಿರ್ದಿಷ್ಟ ವರ್ಷಕ್ಕೆ, ದೊಡ್ಡ ಜಲಾನಯನದ ಬಾಯಲ್ಲಿ ಬರುವ ಹೂಳಿಗೆ ಅನ್ವಯಿಸಲು ಇದನ್ನು ರೂಪಿಸಿದ್ದಲ್ಲ. ಅದಕ್ಕಾಗಿಯೇ 1975ರಲ್ಲಿ ಟೆಕ್ಸಾಸಿನ ಜಿಮ್ಮಿ ವಿಲಿಯಮ್ಸ್ ಮಳೆಯ ಶಕ್ತಿಯ ಜಾಗದಲ್ಲಿ ಹರಿದ ನೀರಿನ ಪ್ರಮಾಣ ಮತ್ತು ಅದರ ಗರಿಷ್ಠ ಹರಿವಿನ ದರವನ್ನು ಇಟ್ಟು, ಒಂದೊಂದು ಮಳೆಗೂ ಹೂಳನ್ನು ಅಂದಾಜಿಸುವ ಬೇರೆ ರೂಪ ಕೊಟ್ಟರು. ಅದು ಹೆಚ್ಚು ಸಮಂಜಸ, ಏಕೆಂದರೆ ಹೂಳನ್ನು ಸಾಗಿಸುವುದು ಹರಿವ ನೀರು. ಆದರೆ ಅದಕ್ಕೆ ಹಳ್ಳದ ಹರಿವಿನ ಅಳತೆ ಬೇಕು, ಮತ್ತೆ ಅಳತೆಯ ಮಾತಿಗೇ ಬಂದು ನಿಲ್ಲುತ್ತೇವೆ.

ಹೊಲದಿಂದ ಹೊರಟದ್ದು ತಲುಪುವ ನಡುವೆ ಏನಾಗುತ್ತದೆ ಎಂಬುದಕ್ಕೆ ಅತ್ಯುತ್ತಮ ದಾಖಲೆ ಇರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೂನ್ ಕ್ರೀಕ್ ಎಂಬ ಹಳ್ಳದಲ್ಲಿ. 1933ರಲ್ಲಿ ಆ ದೇಶದ ಮೊದಲ ಜಲಾನಯನ ಸಂರಕ್ಷಣಾ ಯೋಜನೆ ಶುರುವಾದದ್ದು ಅಲ್ಲಿಯೇ. ಭೂಗೋಳಜ್ಞ ಸ್ಟ್ಯಾನ್ಲಿ ಟ್ರಿಂಬಲ್ ಹಳೆಯ ಸಮೀಕ್ಷೆಗಳ ಜಾಗಗಳನ್ನು ಹುಡುಕಿ, ಕಣಿವೆಯ ತಳವನ್ನು ಮತ್ತೆ ಮತ್ತೆ ಅಗೆದು ಅಳೆದು, 19ನೇ ಶತಮಾನದ ನಡುವಿನಿಂದ ಈಚಿನವರೆಗಿನ ಹೂಳಿನ ಆಯವ್ಯಯವನ್ನು ತಯಾರಿಸಿದರು. ಹೊಲಗಳ ಸವಕಳಿ 1930ರ ದಶಕದ ನಂತರ ಬಹಳ ಇಳಿದಿತ್ತು. ಆದರೆ ಹಳ್ಳದ ಬಾಯಿಂದ ಮಿಸಿಸಿಪಿ ನದಿಗೆ ಹೋಗುವ ಹೂಳು ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿದಿತ್ತು. ಸವಕಳಿ ಜೋರಾಗಿದ್ದಾಗ ಮಣ್ಣಿನ ದೊಡ್ಡ ಪಾಲು ಕಣಿವೆಯಲ್ಲೇ ಕೂತಿತ್ತು. ಹೊಲಗಳು ಸುಧಾರಿಸಿದ ಮೇಲೆ ನೀರು ಹಳೆಯ ದಾಸ್ತಾನನ್ನೇ ಸ್ವಲ್ಪ ಸ್ವಲ್ಪವಾಗಿ ಕೊರೆದುಕೊಂಡು ಹೋಗುತ್ತಿತ್ತು. ಹಳ್ಳದ ಬಾಯಲ್ಲಿ ಮಾತ್ರ ಅಳೆದಿದ್ದರೆ ಯೋಜನೆ ಸೋತಿತು ಎನ್ನಬೇಕಿತ್ತು, ಹೊಲದಲ್ಲಿ ಮಾತ್ರ ಅಳೆದಿದ್ದರೆ ನದಿಯ ಹೂಳೂ ಇಳಿಯಿತು ಎಂದು ಸುಳ್ಳು ಹೇಳಬೇಕಿತ್ತು. ಟ್ರಿಂಬಲ್ ಎರಡರ ನಡುವೆ ಇಳಿದದ್ದರಿಂದ ನಿಜ ಸಂಗತಿ ಗೊತ್ತಾಯಿತು.

ಮಣ್ಣು ಕಣಿವೆಯಲ್ಲೇ, ಕೆಳಗಿನ ಹೊಲದಲ್ಲೇ ಕೂರುವುದಾದರೆ ನಷ್ಟವೆಲ್ಲಿ ಬಂತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನೀರು ಮಣ್ಣನ್ನು ಇದ್ದಂತೆಯೇ ಎತ್ತಿ ಇನ್ನೊಂದು ಕಡೆ ಇಳಿಸುವುದಿಲ್ಲ, ಆರಿಸುತ್ತದೆ. ಮರಳು ಒಡ್ಡಿನ ಬುಡದಲ್ಲೇ ನಿಲ್ಲುತ್ತದೆ. ಜೇಡಿ, ಸಾವಯವ ಪದಾರ್ಥ, ಅದಕ್ಕಂಟಿದ ರಂಜಕ ಮುಂದೆ ಹೋಗುತ್ತವೆ. ಹೊರಟ ಟನ್ನುಗಳಲ್ಲಿ ಅರ್ಧ ಹತ್ತಿರದಲ್ಲೇ ಉಳಿದರೂ ಫಲವತ್ತತೆಯ ಅರ್ಧ ಉಳಿದಿರುವುದಿಲ್ಲ. ಇದರ ಜೊತೆಗೆ, ಮೇಲಿನ ಹೊಲದವನ ನಷ್ಟವೂ ಕೆಳಗಿನವನ ಲಾಭವೂ ಒಂದೇ ಖಾತೆಗೆ ಜಮೆಯಾಗುವುದಿಲ್ಲ. ಬಯಲುಸೀಮೆಯ ಏರು ಭಾಗಗಳಲ್ಲಿ ಇರುವುದು ಸಾಮಾನ್ಯವಾಗಿ ತೆಳು ಮಸಾರಿ, ಕೆಂಪು ನೆಲ. ತಗ್ಗಿನಲ್ಲಿ ಆಳ ಎರೆ. ಹೆಕ್ಟೇರಿಗೆ 13 ಟನ್ ಎಂದರೆ ಸುಮಾರು ಒಂದು ಮಿ.ಮೀ. ದಪ್ಪದ ಪದರ. ಒಂದೂವರೆ ಮೀಟರ್ ಆಳದ ಎರೆಯಲ್ಲಿ ವರ್ಷಕ್ಕೆ ಒಂದು ಮಿ.ಮೀ. ಹೋದರೆ ತಲೆಮಾರು ಕಳೆದರೂ ಇಳುವರಿಯಲ್ಲಿ ಕಾಣಿಸದಿರಬಹುದು. ಸ್ವಲ್ಪ ಆಳಕ್ಕೇ ಗರಸು ಸಿಗುವ ಮಸಾರಿಯಲ್ಲಿ ಮೊಮ್ಮಗನ ಕಾಲಕ್ಕೆ ಕುಂಟೆಯ ತುದಿಗೆ ಕಲ್ಲು ತಾಗುತ್ತದೆ. ಆದ್ದರಿಂದ ಆಳವನ್ನು ಹೇಳದೆ ಟನ್ನು ಮಾತ್ರ ಹೇಳುವ ವರದಿ ಅರ್ಧ ವರದಿ. ಕರ್ನಾಟಕದ ಸುಜಲಾ ಜಲಾನಯನ ಯೋಜನೆಯ ಮೂರನೇ ಹಂತದಲ್ಲಿ ಸರ್ವೆ ನಂಬರು ಮಟ್ಟದ ಭೂ ಸಂಪನ್ಮೂಲ ನಕ್ಷೆಗಳು ತಯಾರಾಗಿವೆ. ಮಣ್ಣಿನ ಆಳ, ಇಳಿಜಾರು, ಗರಸಿನ ಪ್ರಮಾಣ ಅವುಗಳಲ್ಲಿ ದಾಖಲಾಗಿದೆ. ಸವಕಳಿಯ ನಕ್ಷೆಯನ್ನು ಅದರ ಮೇಲೆ ಹಾಸಿ ನೋಡಿದರೆ ಎಲ್ಲಿ ಅವಸರವಿದೆ ಎಂಬುದು ಟನ್ನಿನ ಪಟ್ಟಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ. ಸೂತ್ರಕ್ಕೆ ನಿಜವಾಗಿ ಒಪ್ಪುವ ಕೆಲಸ ಇದು: ಯಾವ ಹೊಲ ಮೊದಲು, ಯಾವುದು ಆಮೇಲೆ ಎಂಬ ಸರದಿ ಹೇಳುವುದು. ಅಂಕಿ ತಪ್ಪಿದ್ದರೂ ಸರದಿ ಬಹುತೇಕ ಸರಿ ಇರುತ್ತದೆ.

ಅಂಕಿಯ ಗೊಡವೆಯೇ ಬೇಡ, ಒಡ್ಡು ಹಾಕಿದರೆ ಆಯಿತು, ಒಳ್ಳೆಯ ಕೆಲಸಕ್ಕೆ ಲೆಕ್ಕವೇಕೆ ಎಂಬ ಮಾತೂ ಇದೆ. ಉತ್ತರ ಕರ್ನಾಟಕದ ಚರಿತ್ರೆ ಇದಕ್ಕೆ ಉತ್ತರ ಕೊಟ್ಟಿದೆ. 1942ರ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯ್ದೆಯ ನಂತರ ಆಗಿನ ಮುಂಬಯಿ ಪ್ರಾಂತದಲ್ಲಿ ಸಮಪಾತಳಿ ಒಡ್ಡುಗಳನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಕೆಂಪು, ಮಸಾರಿ ನೆಲದಲ್ಲಿ ಅವು ಚೆನ್ನಾಗಿ ನಿಂತವು. ಆಳ ಎರೆಯಲ್ಲಿ ಕತೆ ಬೇರೆ. ಒಡ್ಡಿನ ಹಿಂದೆ ವಾರಗಟ್ಟಲೆ ನೀರು ನಿಂತು ಬೆಳೆ ಕೊಳೆಯಿತು. ಬೇಸಿಗೆಯಲ್ಲಿ ಒಡ್ಡೇ ಬಿರಿಯಿತು, ಮುಂದಿನ ಮಳೆಗೆ ಬಿರುಕಿನಲ್ಲಿ ನೀರು ನುಗ್ಗಿ ಒಡೆಯಿತು. ಒಡೆದ ಒಂದೇ ಬಾಯಿಯಲ್ಲಿ ಇಡೀ ಹೊಲದ ನೀರು ಹರಿದು, ಮೊದಲು ಇಲ್ಲದಿದ್ದ ಕಡೆ ಕೊರಕಲು ಬಿತ್ತು. ಬಳ್ಳಾರಿಯ ಸಂಶೋಧನಾ ಕೇಂದ್ರ ಆಳ ಎರೆಗೆ ನೀರು ನಿಲ್ಲಿಸುವ ಒಡ್ಡಿನ ಬದಲು, ಸಣ್ಣ ಇಳಿಜಾರು ಕೊಟ್ಟು ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೆ ತಿರುಗಿಸುವ ಒಡ್ಡು, ಹಿಂಗಾರಿಗೆ ಮುಂಚೆ ಹೊಲದೊಳಗೇ ಚೌಕು ಮಡಿ ಇಂಥವನ್ನು ಸೂಚಿಸಿದ್ದು ಅಳತೆಗಳ ಆಧಾರದ ಮೇಲೆ. ಅಳೆಯದೆ ಒಳ್ಳೆಯದು ಮಾಡಲು ಹೋಗಿ ಮಣ್ಣು ಕಳೆದುಕೊಂಡ ಉದಾಹರಣೆ ಇದಕ್ಕಿಂತ ಬೇರೆ ಬೇಕಿಲ್ಲ.

ಹಾಗಾದರೆ ಅಳೆಯುವುದೆಲ್ಲಿ? ಹಳ್ಳ ಹಳ್ಳಕ್ಕೂ ಯಂತ್ರ ಕೂರಿಸುವುದು ದುಬಾರಿ, ಕಾಯುವುದು ಅದಕ್ಕಿಂತ ಕಷ್ಟ. ದೊಡ್ಡ ನದಿಗಳಲ್ಲಿ ಕೇಂದ್ರ ಜಲ ಆಯೋಗ ಹೂಳಿನ ಮಾದರಿ ತೆಗೆಯುತ್ತದೆ. ಆದರೆ ದಿನಕ್ಕೊಮ್ಮೆ ತುಂಬಿಕೊಂಡ ಬಾಟಲಿಯಿಂದ ಮೂರು ಗಂಟೆಯಲ್ಲಿ ಬಂದು ಇಳಿದು ಹೋಗುವ ಹಳ್ಳದ ಸುದ್ದಿ ತಿಳಿಯುವುದಿಲ್ಲ. ಇಲ್ಲಿ ಕರ್ನಾಟಕಕ್ಕೆ ಒಂದು ದೊಡ್ಡ ಅನುಕೂಲವಿದೆ. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಒಂದೊಂದೂ ಒಂದು ಸಣ್ಣ ಜಲಾನಯನದ ಬಾಯಲ್ಲಿ ಕೂತು, ಬಂದ ಹೂಳನ್ನು ಹಗಲು ರಾತ್ರಿ ಎನ್ನದೆ ಹಿಡಿದಿಟ್ಟುಕೊಂಡಿದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಗುಂಡಿ ತೆಗೆದು ನೋಡಿದರೆ ಆ ದಾಖಲೆ ಕಣ್ಣಿಗೆ ಕಾಣುತ್ತದೆ: ಹಳ್ಳ ಬಂದು ಸೇರುವ ಕಡೆ ದಪ್ಪ ಮರಳು, ಏರಿಯ ಕಡೆ ಸಾಗಿದಂತೆ ನುಣುಪಾದ ಗೋಡು, ಕೆಳಗೆ ಗಟ್ಟಿಯಾದ ಮೂಲ ನೆಲ. ಹೂಳೆತ್ತುವ ಕಾಮಗಾರಿಯಲ್ಲಿ ಎಷ್ಟು ಘನ ಮೀಟರ್ ತೆಗೆದರು ಎಂಬುದನ್ನು ಇಂಜಿನಿಯರು ಬಿಲ್ಲಿಗಾಗಿ ಅಳತೆ ಪುಸ್ತಕದಲ್ಲಿ ಬರೆಯಲೇಬೇಕು. ಅಲ್ಲೇ ಇನ್ನೆರಡು ಸಂಗತಿ ಬರೆದರೆ ಸಾಕು: ಹಿಂದಿನ ಸಲ ಹೂಳೆತ್ತಿದ ವರ್ಷ ಮತ್ತು ಕೆರೆಗೆ ನೀರು ಬರುವ ಪ್ರದೇಶದ ವಿಸ್ತೀರ್ಣ. ಉದಾಹರಣೆಗೆ 400 ಹೆಕ್ಟೇರಿನಿಂದ ನೀರು ಬರುವ ಕೆರೆಯಲ್ಲಿ 20 ವರ್ಷಕ್ಕೆ 24 ಸಾವಿರ ಘನ ಮೀಟರ್ ಕೂತಿದ್ದರೆ, ಹೆಕ್ಟೇರಿಗೆ ವರ್ಷಕ್ಕೆ ಮೂರು ಘನ ಮೀಟರ್. ಈ ಲೆಕ್ಕಕ್ಕೆ ಉಪಗ್ರಹವೂ ಬೇಡ, ತಂತ್ರಾಂಶವೂ ಬೇಡ.

ಕೆರೆಯ ಲೆಕ್ಕವೂ ಶುದ್ಧವಲ್ಲ ಎಂಬ ಆಕ್ಷೇಪಣೆ ಬರುತ್ತದೆ, ಬರಬೇಕು. ಕೋಡಿ ಬಿದ್ದಾಗ ನುಣುಪು ಜೇಡಿ ದಾಟಿಹೋಗುತ್ತದೆ. ರೈತರು ನಡುನಡುವೆ ಗೋಡು ಹೊತ್ತಿರುತ್ತಾರೆ, ಇಟ್ಟಿಗೆ ಭಟ್ಟಿಯವರು ಕೇಳದೆ ಒಯ್ದಿರುತ್ತಾರೆ. ಮೇಲೊಂದು ಕೆರೆಯಿದ್ದರೆ ಅದು ತನ್ನ ಪಾಲು ತಡೆದಿರುತ್ತದೆ. ಬಿಲ್ಲಿನಲ್ಲಿರುವ ಹೂಳೆಲ್ಲ ಕೆರೆಯಿಂದಲೇ ಹೊರಬಂದದ್ದೇ ಎಂಬ ಅನುಮಾನವಂತೂ ಯಾವ ಊರಿನಲ್ಲೂ ಇದ್ದದ್ದೇ. ಆದರೆ ಇವೆಲ್ಲ ಗುರುತಿಸಬಹುದಾದ, ತಿದ್ದಿಕೊಳ್ಳಬಹುದಾದ ತಪ್ಪುಗಳು. ನೀರಿನ ಒಳಹರಿವಿಗೂ ಸಾಮರ್ಥ್ಯಕ್ಕೂ ಇರುವ ಅನುಪಾತ ನೋಡಿ ಜಲಾಶಯವೊಂದು ಹೂಳಿನ ಎಷ್ಟು ಪಾಲು ಹಿಡಿಯುತ್ತದೆ ಎಂದು ಹೇಳುವ ರೇಖೆಯನ್ನು ಗನ್ನರ್ ಬ್ರೂನ್ 1953ರಲ್ಲೇ ಕೊಟ್ಟಿದ್ದಾರೆ. ಹಿಂದಿನ ಹೂಳೆತ್ತಿದ ವರ್ಷ ಗೊತ್ತಿಲ್ಲದ ಕಡೆ, 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಜಗತ್ತಿನೆಲ್ಲೆಡೆ ಉದುರಿದ ಸೀಸಿಯಂ-137 ಹೂಳಿನ ಯಾವ ಪದರದಲ್ಲಿ ಹೆಚ್ಚಿದೆ ಎಂದು ನೋಡಿ 1963ರ ಆಸುಪಾಸಿನ ನೆಲವನ್ನು ಗುರುತಿಸಬಹುದು. ನಮ್ಮ ಅಕ್ಷಾಂಶದಲ್ಲಿ ಅದು ಉದುರಿದ್ದು ಕಡಿಮೆ, ಆದ್ದರಿಂದ ಎಲ್ಲ ಕಡೆ ಈ ಉಪಾಯ ನಡೆಯದು. ಪ್ರತಿ ತಾಲ್ಲೂಕಿನಲ್ಲಿ ಮೇಲೆ ಬೇರೆ ಕೆರೆಯಿಲ್ಲದ, ದಾಖಲೆ ಸರಿಯಾಗಿರುವ ನಾಲ್ಕೈದು ಕೆರೆಗಳನ್ನು ಆರಿಸಿಕೊಂಡರೂ ಈಗಿರುವ ಕತ್ತಲೆಗಿಂತ ಎಷ್ಟೋ ವಾಸಿ. ಸೂತ್ರದ ತಪ್ಪು ಎಲ್ಲಿ, ಎಷ್ಟು ಎಂಬುದೇ ಗೊತ್ತಾಗುವುದಿಲ್ಲ. ಕೆರೆಯ ತಪ್ಪನ್ನು ಊರಿನವರೇ ತೋರಿಸಿಕೊಡುತ್ತಾರೆ.

ಕೆರೆಯ ಅಂಕಿಗೆ ಇನ್ನೊಂದು ಮಿತಿಯಿದೆ, ಅದನ್ನು ಮರೆಮಾಚಬಾರದು. ಹೂಳು ಎಲ್ಲಿಂದ ಬಂತು ಎಂದು ಅದು ಹೇಳುವುದಿಲ್ಲ. ಭದ್ರೆಯ ಮೇಲ್ಭಾಗದಲ್ಲಿ ಕುದುರೆಮುಖದ ಗಣಿಗಾರಿಕೆ ನಡೆಯುತ್ತಿದ್ದಾಗ ವಿಜ್ಞಾನಿಗಳು ಹೊಳೆಯ ಕೆಸರನ್ನು ಅಳೆದು ಕಂಡದ್ದು, ಜಲಾನಯನದ ತೀರ ಸಣ್ಣ ಪಾಲಿನ ಗಣಿ ಪ್ರದೇಶದಿಂದಲೇ ಹೂಳಿನ ದೊಡ್ಡ ಪಾಲು ಬರುತ್ತಿತ್ತು ಎಂಬುದನ್ನು. ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿ 2005ರ ಕೊನೆಗೆ ನಿಂತಿತು. ಸಂಡೂರು, ಹೊಸಪೇಟೆ ಭಾಗದ ಗಣಿ ಮಣ್ಣಿನ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ. ಬಯಲಿನಲ್ಲಿ ಗಣಿ ಇಲ್ಲದ ಕಡೆ ಆ ಪಾತ್ರವನ್ನು ಹೊಸದಾಗಿ ಕಡಿದ ರಸ್ತೆಯ ಅಂಚು, ಅಗಲವಾಗುತ್ತಿರುವ ಕೊರಕಲು, ಮರಳು ತೆಗೆದು ಕುಸಿದ ಹಳ್ಳದ ದಡ ವಹಿಸುತ್ತವೆ. ಇವೆಲ್ಲವನ್ನೂ ಹೊಲದ ತಲೆಗೆ ಕಟ್ಟುವುದು ಸುಲಭ. ಹೊಲದವನು ಸಭೆಯಲ್ಲಿ ಎದ್ದು ಪ್ರಶ್ನಿಸುವುದಿಲ್ಲ, ಸೂತ್ರದಲ್ಲಿ ಇವಕ್ಕೆ ಕಾಲಮ್ಮೂ ಇಲ್ಲ.

ತುಂಗಭದ್ರೆಯ ಹೂಳಿಗೆ ಪರಿಹಾರವಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ಬಹುಕಾಲದಿಂದ ಇದೆ. ಅದರ ಬೇಕು ಬೇಡ ಬೇರೆಯೇ ಚರ್ಚೆ. ಆದರೆ ಅದಕ್ಕೂ ಆಧಾರ ಹೂಳಿನ ಅಂಕಿಯೇ; ಅದರ ಪಕ್ಕದಲ್ಲಿ ಮೇಲಿನ ಹೊಲಗಳಿಗೆ ಒಡ್ಡು ಹಾಕಿ ಜಲಾಶಯದ ಹೂಳು ತಡೆಯುತ್ತೇವೆ ಎಂಬ ಭರವಸೆಯೂ ಓಡಾಡುತ್ತದೆ. ಕೂನ್ ಕ್ರೀಕಿನ ಅನುಭವ ನೋಡಿದರೆ ಐದು ವರ್ಷದ ಯೋಜನೆಗೆ ಆ ಭರವಸೆ ಕೊಡುವ ಹಕ್ಕಿಲ್ಲ. ಹಳ್ಳಗಳಲ್ಲಿ, ನದಿಯಂಚಿನಲ್ಲಿ ಕೂತಿರುವ ಹಳೆಯ ಹೂಳು ದಶಕಗಟ್ಟಲೆ ಇಳಿಯುತ್ತಲೇ ಇರುತ್ತದೆ. ಜಲಾನಯನ ಯೋಜನೆಯ ಲಾಭವನ್ನು ಹೊಲದಲ್ಲಿ, ಬಾವಿಯಲ್ಲಿ, ಊರ ಕೆರೆಯಲ್ಲಿ ತೋರಿಸಬೇಕು. ಅಣೆಕಟ್ಟೆಯಲ್ಲಿ ತೋರಿಸುತ್ತೇವೆ ಎನ್ನಬಾರದು. ವರದಿಯಲ್ಲಿ ಎರಡು ಅಂಕಿ ಬೇರೆ ಬೇರೆ ಕೊಡಬೇಕು: ಸೂತ್ರ ಹೇಳಿದ ಸವಕಳಿ, ಕೆರೆಯಲ್ಲಿ ಅಳೆದ ಹೂಳು. ಕೆಲಸ ಶುರುವಾಗುವ ಮುಂಚೆ ಕೆರೆಯಂಗಳದ ಮಟ್ಟ ತೆಗೆದು, ನಾಲ್ಕೈದು ಮಳೆಗಾಲ ಕಳೆದ ಮೇಲೆ ಅದೇ ಗುರುತುಗಳಲ್ಲಿ ಮತ್ತೆ ತೆಗೆಯಬೇಕು. ನಡುವೆ ದೊಡ್ಡ ಮಳೆ ಬಂದಿತ್ತೇ, ಬಂದಿರಲೇ ಇಲ್ಲವೇ ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು, ಬರಗಾಲದ ಪುಣ್ಯವನ್ನು ಒಡ್ಡಿನ ಖಾತೆಗೆ ಹಾಕದಂತೆ. ಅಷ್ಟಾಗಿಯೂ ಹೂಳು ಇಳಿಯದಿದ್ದರೆ, ಒಡ್ಡು ಹಾಕಿಸಿಕೊಂಡ ರೈತನ ಹೊಲಕ್ಕೆ ಮತ್ತೆ ಹೋಗುವ ಮುಂಚೆ ಹಳ್ಳದ ದಡವನ್ನೂ ರಸ್ತೆಯ ಮೋರಿಯನ್ನೂ ನೋಡಿ ಬರಬೇಕು.